ಹಸಿರು ಕಳಚಿದ ಲಾಟೀನು: ‘ಲ್ಯಾಂಟರ್ನ್ಸ್’ ಸರಣಿಗೆ ಕಾಮಿಕ್ಸ್ ಓದುಗರು ಕಾಯುತ್ತಲೂ ಅಳುಕುತ್ತಲೂ ಇರುವುದೇಕೆ?

2025ರ ಜುಲೈನಲ್ಲಿ ತೆರೆಕಂಡ ‘ಸೂಪರ್‌ಮ್ಯಾನ್’ ಚಿತ್ರವನ್ನು ನನ್ನೊಡನೆ ನೋಡಿದ ಗೆಳೆಯರು ಹೊರಗೆ ಬಂದ ಮೇಲೆ ಕೇಳಿದ ಮೊದಲ ಪ್ರಶ್ನೆ ಸೂಪರ್‌ಮ್ಯಾನ್‌ನ ಬಗ್ಗೆ ಇರಲಿಲ್ಲ. ತಲೆಯ ಮೇಲೆ ಬೋಗುಣಿ ಕವುಚಿ ಅದರ ಅಂಚಿನುದ್ದಕ್ಕೂ ಕತ್ತರಿ ಆಡಿಸಿದಂತಹ ಕ್ಷೌರದ, ಬೆರಳಿನ ಉಂಗುರದಿಂದ ಹಸಿರು ಬೆಳಕಿನ ಆಕೃತಿಗಳನ್ನು ಹೊರಡಿಸುವ ಆ ಜಗಳಗಂಟ ಯಾರು ಎಂಬುದು ಅವರ ಪ್ರಶ್ನೆಯಾಗಿತ್ತು. ಅವನು ಗೈ ಗಾರ್ಡ್ನರ್, ‘ಗ್ರೀನ್ ಲ್ಯಾಂಟರ್ನ್’ಗಳಲ್ಲಿ ಒಬ್ಬ ಎಂದು ಹೇಳಿದರೆ ಉತ್ತರ ಮುಗಿಯುವುದಿಲ್ಲ, ‘ಒಬ್ಬ’ ಎಂಬ ಆ ಮಾತೇ ಮುಂದಿನ ಹತ್ತು ಪ್ರಶ್ನೆಗಳನ್ನು ಎಬ್ಬಿಸುತ್ತದೆ. ಈಗ ಅದೇ ಲೋಕದ ಇನ್ನಿಬ್ಬರನ್ನು ಮುಖ್ಯ ಪಾತ್ರಗಳನ್ನಾಗಿಸಿ ಎಚ್‌ಬಿಒ ಸಂಸ್ಥೆ ‘ಲ್ಯಾಂಟರ್ನ್ಸ್’ ಎಂಬ ಎಂಟು ಕಂತುಗಳ ಸರಣಿಯನ್ನು ತರುತ್ತಿದೆ. ಮೊದಲು 2026ರ ಆರಂಭಕ್ಕೆಂದು ಹೇಳಿದ್ದ ಪ್ರಸಾರವನ್ನು ಆ ವರ್ಷದ ಅಮೆರಿಕದ ಬೇಸಿಗೆಯ ಕೊನೆಯ ಭಾಗಕ್ಕೆ ಮುಂದೂಡಲಾಯಿತು.

ಈ ಪಾತ್ರಗಳನ್ನು ದಶಕಗಳಿಂದ ಓದಿಕೊಂಡು ಬಂದವರು ಸರಣಿಯ ಸುದ್ದಿ ಕೇಳಿ ಕುಣಿದಾಡಬೇಕಿತ್ತು ಎಂದು ಹೊರಗಿನವರಿಗೆ ಅನ್ನಿಸುವುದು ಸಹಜ. ಆದರೆ ಅವರ ಮಾತಿನಲ್ಲಿ ಉತ್ಸಾಹದಷ್ಟೇ ಅಳುಕೂ ಕೇಳಿಬರುತ್ತದೆ. ಅದು ಬರಿಯ ಹುಸಿಮುನಿಸಲ್ಲ. ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ತಯಾರಾಗುವ ರೀತಿಯಲ್ಲಿಯೇ ಈ ಇಬ್ಬಂದಿತನದ ಬೇರಿದೆ, ಮತ್ತು ಗ್ರೀನ್ ಲ್ಯಾಂಟರ್ನ್‌ನ ಚರಿತ್ರೆಯಲ್ಲಿ ಅದು ಬೇರೆಲ್ಲ ಕಡೆಗಿಂತ ಸ್ಪಷ್ಟವಾಗಿ ಕಾಣುತ್ತದೆ.

ರೈಲು ಹಳಿಯ ದೀಪದಿಂದ ಬಾಹ್ಯಾಕಾಶದ ಪೊಲೀಸರವರೆಗೆ

ಮಾರ್ಟಿನ್ ನೋಡೆಲ್ ಎಂಬ ಚಿತ್ರಕಾರ ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣದಲ್ಲಿ ಕಾಯುತ್ತಿದ್ದಾಗ ಕತ್ತಲೆಯ ಹಳಿಗಳ ನಡುವೆ ರೈಲ್ವೆ ಕೆಲಸಗಾರನೊಬ್ಬ ಲಾಟೀನು ಬೀಸುವುದನ್ನು ಕಂಡರು. ರಾತ್ರಿಯ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡಿದ ನಮಗೂ ಆ ದೀಪದ ಭಾಷೆ ಗೊತ್ತು: ಕೆಂಪಾದರೆ ನಿಲ್ಲು, ಹಸಿರಾದರೆ ಹೊರಡು. ಆ ನೋಟದಿಂದ ಹುಟ್ಟಿದ ಪಾತ್ರಕ್ಕೆ ಬಿಲ್ ಫಿಂಗರ್ ಕತೆ ಬರೆದರು. 1940ರಲ್ಲಿ ‘ಆಲ್-ಅಮೆರಿಕನ್ ಕಾಮಿಕ್ಸ್’ನ 16ನೆಯ ಸಂಚಿಕೆಯಲ್ಲಿ ಅದು ಪ್ರಕಟವಾಯಿತು. ಕಥಾನಾಯಕ ಅಲನ್ ಸ್ಕಾಟ್ ಕೂಡ ರೈಲ್ವೆ ಎಂಜಿನಿಯರನೇ. ಸೇತುವೆ ಕುಸಿದ ರೈಲು ಅಪಘಾತದಿಂದ ಬದುಕುಳಿದ ಅವನಿಗೆ ಮಾಂತ್ರಿಕ ಲಾಟೀನು ದೊರೆಯುತ್ತದೆ, ಅದರ ಲೋಹದಿಂದ ಅವನು ಉಂಗುರ ಮಾಡಿಕೊಳ್ಳುತ್ತಾನೆ. ಆ ಉಂಗುರದ ಶಕ್ತಿ ಎಲ್ಲದರ ಮೇಲೂ ನಡೆಯುತ್ತದೆ, ಮರದ ವಸ್ತುವಿನ ಮೇಲೆ ಮಾತ್ರ ನಡೆಯುವುದಿಲ್ಲ. ಲೋಕವನ್ನೇ ಕಾಯುವವನು ಮರದ ದೊಣ್ಣೆಯ ಪೆಟ್ಟಿಗೆ ನೆಲಕ್ಕೆ ಬೀಳುತ್ತಿದ್ದ.

ಎರಡನೆಯ ಮಹಾಯುದ್ಧದ ನಂತರ ಇಂತಹ ಕತೆಗಳ ಬೇಡಿಕೆ ಕುಗ್ಗಿತು. ಅಲನ್ ಸ್ಕಾಟ್‌ನ ಪತ್ರಿಕೆ 1949ರಲ್ಲಿ ನಿಂತುಹೋಯಿತು. ಹತ್ತು ವರ್ಷಗಳ ಬಳಿಕ ಡಿಸಿ ಎಂಬ ಕಾಮಿಕ್ಸ್ ಪ್ರಕಾಶನ ಸಂಸ್ಥೆಯ ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ ಹೆಸರನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನೆಲ್ಲ ಹೊಸದಾಗಿ ಕಟ್ಟಿಸಿದರು. ಅವರು ಮೊದಲು ವೈಜ್ಞಾನಿಕ ಕಥೆಗಾರರ ಏಜೆಂಟರಾಗಿದ್ದವರಾದ್ದರಿಂದ ಮಂತ್ರದ ಜಾಗಕ್ಕೆ ವಿಜ್ಞಾನ ಬಂತು. ಜಾನ್ ಬ್ರೂಮ್ ಬರೆದು ಗಿಲ್ ಕೇನ್ ಚಿತ್ರಿಸಿದ 1959ರ ಕತೆಯಲ್ಲಿ ಅಬಿನ್ ಸುರ್ ಎಂಬ ಅನ್ಯಗ್ರಹವಾಸಿಯ ನೌಕೆ ಭೂಮಿಗೆ ಅಪ್ಪಳಿಸುತ್ತದೆ. ಸಾಯುವ ಮುನ್ನ ಅವನ ಉಂಗುರ ತಕ್ಕ ವ್ಯಕ್ತಿಯನ್ನು ಹುಡುಕಿ, ವಿಮಾನಗಳನ್ನು ಪರೀಕ್ಷಾರ್ಥ ಹಾರಿಸುವ ಪೈಲಟ್ ಹಾಲ್ ಜಾರ್ಡನ್‌ನನ್ನು ಆರಿಸುತ್ತದೆ.

ಅಲ್ಲಿಂದ ಮುಂದೆ ಬೆಳೆದ ಕಲ್ಪನೆ ಹೀಗಿದೆ. ಓವಾ ಎಂಬ ಗ್ರಹದಲ್ಲಿ ‘ಗಾರ್ಡಿಯನ್‌’ಗಳೆಂಬ ನೀಲಿ ಮೈಯ ಪುರಾತನ ಜೀವಿಗಳಿದ್ದಾರೆ. ಅವರು ವಿಶ್ವವನ್ನು 3600 ವಲಯಗಳಾಗಿ ವಿಂಗಡಿಸಿ ಒಂದೊಂದಕ್ಕೂ ಕಾವಲಿನವರನ್ನು ನೇಮಿಸಿದ್ದಾರೆ. ಠಾಣೆಯ ಸರಹದ್ದಿನಂತೆ ಪ್ರತಿಯೊಬ್ಬರಿಗೂ ತಮ್ಮ ವಲಯದ ಹೊಣೆಯಿರುತ್ತದೆ. ಈ ಪಡೆಯ ಹೆಸರು ‘ಗ್ರೀನ್ ಲ್ಯಾಂಟರ್ನ್ ಕೋರ್’. ಉಂಗುರ ತೊಟ್ಟವರು ಮನಸ್ಸಿನಲ್ಲಿ ನೆನೆದದ್ದು ಹಸಿರು ಬೆಳಕಿನ ವಸ್ತುವಾಗಿ ಎದುರು ನಿಲ್ಲುತ್ತದೆ, ಅದು ಸುತ್ತಿಗೆಯಾಗಬಹುದು, ಬಲೆಯಾಗಬಹುದು, ವಿಮಾನವೂ ಆಗಬಹುದು. ವಸ್ತು ಎಷ್ಟು ಗಟ್ಟಿಯಾಗಿರುತ್ತದೆ ಎಂಬುದು ಉಂಗುರ ತೊಟ್ಟವರ ಸಂಕಲ್ಪ ಎಷ್ಟು ಗಟ್ಟಿ ಎಂಬುದನ್ನು ಅವಲಂಬಿಸಿದೆ. ಮೊಬೈಲಿನಂತೆ ಈ ಉಂಗುರವೂ ದಿನಕ್ಕೊಮ್ಮೆ ಚಾರ್ಜ್ ಆಗಲೇಬೇಕು. ಮೂಲ ಕತೆಗಳಲ್ಲಿ ಗಡುವು 24 ಗಂಟೆ. ಹಾಲ್ ಎಲ್ಲೋ ಕಪಾಟಿನಲ್ಲಿ ಬಚ್ಚಿಟ್ಟ ಲಾಟೀನಿನಾಕಾರದ ಬ್ಯಾಟರಿಯ ಎದುರು ನಿಂತು, ಮುಷ್ಟಿಯನ್ನು ಅದಕ್ಕೆ ಒತ್ತಿ, ಪ್ರಾಸಬದ್ಧವಾದ ಪ್ರತಿಜ್ಞೆಯೊಂದನ್ನು ಹೇಳುತ್ತಾನೆ. ಸಂಧ್ಯಾವಂದನೆಯಂತೆ ತಪ್ಪದೆ ನಡೆಯುವ ಈ ದೃಶ್ಯವೇ ಓದುಗರ ನೆನಪಿನಲ್ಲಿ ಎಲ್ಲಕ್ಕಿಂತ ಆಳವಾಗಿ ಕೂತಿರುವುದು.

ಉಂಗುರ ತೊಟ್ಟವರು ಹಲವರು

ಬ್ಯಾಟ್‌ಮ್ಯಾನ್ ಎಂದರೆ ಬಹುಮಟ್ಟಿಗೆ ಒಬ್ಬನೇ ವ್ಯಕ್ತಿ. ಗ್ರೀನ್ ಲ್ಯಾಂಟರ್ನ್ ಎಂಬುದಾದರೋ ಹುದ್ದೆಯ ಹೆಸರು, ನಮ್ಮಲ್ಲಿ ಶಾನುಭೋಗರು, ಪಟೇಲರು ಎನ್ನುತ್ತಿದ್ದಂತೆ. ಹಾಲ್‌ನ ಬದಲಿ ವ್ಯಕ್ತಿಯಾಗಿ ಗೈ ಗಾರ್ಡ್ನರ್ 1968ರಲ್ಲಿ ಬಂದ. ಜಾನ್ ಸ್ಟೂವರ್ಟ್ ಎಂಬ ಕಪ್ಪು ವರ್ಣೀಯ ವಾಸ್ತುಶಿಲ್ಪಿ 1971ರ ಕೊನೆಯಲ್ಲಿ, ಕೈಲ್ ರೇನರ್ ಎಂಬ ಯುವ ಕಲಾವಿದ 1994ರಲ್ಲಿ ಬಂದರು. ಪಡೆಯಲ್ಲಿ ಮನುಷ್ಯರಿಗಿಂತ ಅನ್ಯಗ್ರಹವಾಸಿಗಳೇ ಹೆಚ್ಚು. ಅಲನ್ ಮೂರ್ ಮತ್ತು ಡೇವ್ ಗಿಬನ್ಸ್ 1985ರ ಕಿರುಕತೆಯೊಂದರಲ್ಲಿ ಮೊಗೊ ಎಂಬ ಸದಸ್ಯನನ್ನು ಪರಿಚಯಿಸಿದರು. ಅವನನ್ನು ಕೊಲ್ಲಲು ಬಂದ ಯೋಧನೊಬ್ಬ ಗ್ರಹವೊಂದರ ಮೇಲೆ ಇಳಿದು ಮೂಲೆಮೂಲೆ ಹುಡುಕುತ್ತಾನೆ. ತಾನು ಕಾಲಿಟ್ಟಿರುವ ಆ ಗ್ರಹವೇ ಮೊಗೊ ಎಂಬುದು ಅವನಿಗೆ ಹೊಳೆಯುವುದು ಕೊನೆಯಲ್ಲಿ. ಕಾಮಿಕ್ಸ್‌ಗೆ ಮಾತ್ರ ಸುಲಭವಾಗಿ ದಕ್ಕುವ ಬಗೆಯ ಕಲ್ಪನೆಯಿದು: ಕಾಗದದ ಮೇಲೆ ಒಂದು ಗ್ರಹವನ್ನು ಬರೆಯಲು ಒಂದು ಕೋಣೆಯನ್ನು ಬರೆಯುವಷ್ಟೇ ಮಸಿ ಸಾಕು.

ಹುದ್ದೆ ಒಂದೇ ಆಗಿ ಅದನ್ನು ನಿರ್ವಹಿಸಿದವರು ಹಲವರಾದಾಗ, ತಾನು ಓದಲು ಶುರುಮಾಡಿದ ಕಾಲದಲ್ಲಿ ಉಂಗುರ ಯಾರ ಕೈಯಲ್ಲಿತ್ತೋ ಅವನೇ ನಿಜವಾದ ಗ್ರೀನ್ ಲ್ಯಾಂಟರ್ನ್ ಎಂದು ಪ್ರತಿ ತಲೆಮಾರಿನವರಿಗೂ ಅನ್ನಿಸುತ್ತದೆ. 2001ರಲ್ಲಿ ಆರಂಭವಾದ ‘ಜಸ್ಟಿಸ್ ಲೀಗ್’ ಕಾರ್ಟೂನಿನಲ್ಲಿ ಇದ್ದವನು ಜಾನ್ ಸ್ಟೂವರ್ಟ್. ಅದನ್ನು ನೋಡಿ ಬೆಳೆದವರಿಗೆ ಹಾಲ್ ಜಾರ್ಡನ್ ಅಪರಿಚಿತ. ಹೊಸ ಸರಣಿ ಹಾಲ್‌ನನ್ನು ಹಿರಿಯನನ್ನಾಗಿ, ಜಾನ್‌ನನ್ನು ಅವನ ಬಳಿ ಪಳಗುವ ಹೊಸಬನನ್ನಾಗಿ ಜೊತೆಗಿರಿಸಿದೆ. ಒಂದೇ ಏಟಿಗೆ ಎರಡು ಗುಂಪುಗಳನ್ನೂ ಒಲಿಸುವ ಈ ಜೋಡಣೆ, ಇಬ್ಬರಲ್ಲಿ ಯಾರನ್ನು ತಗ್ಗಿಸಿಬಿಡುತ್ತಾರೋ ಎಂಬ ಸಂಶಯವನ್ನೂ ಎರಡೂ ಗುಂಪುಗಳಲ್ಲಿ ಹುಟ್ಟಿಸಿದೆ.

ಕತೆಗೆ ಒಡೆಯರು ಯಾರು?

ಅಭಿಮಾನಿಯ ಅಳುಕು ಅರ್ಥವಾಗಬೇಕಾದರೆ ಒಂದು ವ್ಯಾವಹಾರಿಕ ಸಂಗತಿಯನ್ನು ತಿಳಿದಿರಬೇಕು. ಈ ಪಾತ್ರಗಳು ಲೇಖಕರ ಸ್ವತ್ತಲ್ಲ, ಕಂಪನಿಯ ಸ್ವತ್ತು. ಬರೆಯುವವರು ಕೂಲಿಗೆ ಬರೆದು ಹೋಗುತ್ತಾರೆ, ಮುಂದಿನವರು ಅಲ್ಲಿಂದ ಎತ್ತಿಕೊಳ್ಳುತ್ತಾರೆ. ಹೀಗೆ ಹತ್ತಾರು ಕೈಗಳು ದಶಕಗಟ್ಟಲೆ ಬರೆದದ್ದೆಲ್ಲ ಒಂದೇ ಲೋಕದಲ್ಲಿ ನಡೆದ ಒಂದೇ ಕತೆ ಎಂಬ ಕರಾರಿಗೆ ‘ಕಂಟಿನ್ಯುಟಿ’ ಎಂದು ಹೆಸರು.

ನಮಗೆ ಪರಿಚಿತವಾದ ಸಂಪ್ರದಾಯ ಇದಕ್ಕೆ ವಿರುದ್ಧವಾದದ್ದು. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಮಡದಿ, ಕುಮಾರವ್ಯಾಸನಲ್ಲಿ ಐವರ ಮಡದಿ. ಇವೆರಡರಲ್ಲಿ ಯಾವುದು ನಿಜವಾಗಿ ನಡೆದದ್ದು ಎಂದು ಯಾವ ರಸಿಕನೂ ತಕರಾರು ತೆಗೆಯುವುದಿಲ್ಲ. ತಾಳಮದ್ದಳೆಗೆ ಹೋದವರು ಕರ್ಣ ಸಾಯುತ್ತಾನೆಂದು ತಿಳಿದೇ ಹೋಗುತ್ತಾರೆ, ಇವತ್ತಿನ ಅರ್ಥಧಾರಿ ಆ ಕರ್ಣನ ಬಾಯಲ್ಲಿ ಏನು ನುಡಿಸುತ್ತಾರೆ ಎಂಬುದಷ್ಟೇ ಅವರ ಕುತೂಹಲ. ಕಾಮಿಕ್ಸ್‌ನ ಕರಾರು ಹೇಗಿದೆಯೆಂದರೆ, ಪಂಪ, ಕುಮಾರವ್ಯಾಸ ಇಬ್ಬರು ಹೇಳಿದ್ದೂ ನಡೆದಿರಬೇಕು, ಅವೆರಡೂ ಹೇಗೆ ಹೊಂದುತ್ತವೆ ಎಂಬುದನ್ನು ಮೂರನೆಯ ಕವಿ ವಿವರಿಸಬೇಕು, ಮತ್ತು ಅವನು ತಿಂಗಳಿಗೊಂದು ಸಂಧಿಯಂತೆ ಹೊಸ ಕತೆಯನ್ನೂ ಸೇರಿಸುತ್ತಿರಬೇಕು.

ಇಂತಹ ಹೊಂದಿಕೆಗೆ ಬಳಸುವ ಉಪಾಯವನ್ನು ‘ರೆಟ್‌ಕಾನ್’ ಎನ್ನುತ್ತಾರೆ. ಹಿಂದೆ ನಡೆದುಹೋದ ಘಟನೆಯನ್ನು ಅಳಿಸದೆ, ಅದಕ್ಕೆ ಹೊಸ ಕಾರಣವನ್ನು ಹಿಂದಕ್ಕೆ ಹೋಗಿ ಜೋಡಿಸುವುದು ಎಂದು ಇದರ ಅರ್ಥ. ಎಲ್ಲವನ್ನೂ ಒರೆಸಿ ಮೊದಲಿನಿಂದ ಬರೆಯುವುದು ‘ರೀಬೂಟ್’. ಗ್ರೀನ್ ಲ್ಯಾಂಟರ್ನ್‌ನ ಹಳದಿ ಬಣ್ಣದ ಪ್ರಸಂಗ ರೆಟ್‌ಕಾನ್‌ಗೆ ಒಳ್ಳೆಯ ಮಾದರಿ.

ಹಾಲ್‌ನ ಉಂಗುರ ಹಳದಿ ಬಣ್ಣದ ವಸ್ತುವಿನ ಮೇಲೆ ಕೆಲಸ ಮಾಡುತ್ತಿರಲಿಲ್ಲ. ನಾಯಕ ಪ್ರತಿ ಸಂಚಿಕೆಯಲ್ಲೂ ಸಲೀಸಾಗಿ ಗೆಲ್ಲಬಾರದೆಂದು ಇಟ್ಟ ತೊಡಕು ಅದು. ಬ್ಯಾಟರಿಯಲ್ಲಿ ಕಲಬೆರಕೆಯೊಂದು ಉಳಿದಿದೆ ಎಂಬ ಒಂದು ಮಾತಿನ ಸಮಜಾಯಿಷಿ ಬಿಟ್ಟರೆ ಹೆಚ್ಚಿನ ಆಲೋಚನೆ ಅದರ ಹಿಂದಿರಲಿಲ್ಲ. ಮೂರು ದಶಕಗಳ ನಂತರ, 1993ರ ಕತೆಯಲ್ಲಿ ಹಾಲ್‌ನ ಊರು ಕೋಸ್ಟ್ ಸಿಟಿ ಲಕ್ಷಾಂತರ ಜನರ ಸಮೇತ ನಾಶವಾಗುತ್ತದೆ. 1994ರಲ್ಲಿ ದುಃಖದಿಂದ ಬುದ್ಧಿಗೆಟ್ಟ ಹಾಲ್ ತನ್ನ ಜೊತೆಗಾರರ ಮೇಲೆಯೇ ಎರಗಿ, ಪಡೆಯನ್ನು ಮುಗಿಸಿ, ‘ಪ್ಯಾರಲ್ಯಾಕ್ಸ್’ ಎಂಬ ಖಳನಾಗುತ್ತಾನೆ. ಮೂವತ್ತೈದು ವರ್ಷ ನಾಯಕನಾಗಿದ್ದವನನ್ನು ಮೂರೇ ಸಂಚಿಕೆಗಳಲ್ಲಿ ಕೊಲೆಗಾರನನ್ನಾಗಿಸಿ ಉಂಗುರವನ್ನು ಕೈಲ್ ರೇನರ್‌ಗೆ ಒಪ್ಪಿಸಲಾಯಿತು. ಮಾರಾಟ ಚೇತರಿಸಿಕೊಳ್ಳಲಿ ಎಂಬ ಲೆಕ್ಕಾಚಾರದ ಈ ನಿರ್ಧಾರದಿಂದ ಸಿಟ್ಟಿಗೆದ್ದ ಓದುಗರು ಹಾಲ್‌ನನ್ನು ಮರಳಿ ತರಿಸಲೆಂದೇ ಸಂಘ ಕಟ್ಟಿಕೊಂಡರು. ಇಂಗ್ಲಿಷಿನಲ್ಲಿ ಅದರ ಮೊದಲಕ್ಷರಗಳನ್ನು ಕೂಡಿಸಿದರೆ ‘ಹೀಟ್’ ಎಂದಾಗುತ್ತಿತ್ತು, ಕಾವು ಹೆಸರಿನಲ್ಲಷ್ಟೇ ಇರಲಿಲ್ಲ.

2004ರಲ್ಲಿ ಜೆಫ್ ಜಾನ್ಸ್ ಎಂಬ ಲೇಖಕರು ಬಂದು ಎರಡು ಗಂಟುಗಳನ್ನೂ ಒಂದೇ ಎಳೆಯಿಂದ ಬಿಡಿಸಿದರು. ಹಸಿರು ಸಂಕಲ್ಪದ ಬಣ್ಣವಾದರೆ ಹಳದಿ ಭಯದ ಬಣ್ಣ. ಭಯವೇ ರೂಪ ತಳೆದ ಪುರಾತನ ಜೀವಿಯೊಂದನ್ನು ಎಲ್ಲ ಉಂಗುರಗಳಿಗೂ ಶಕ್ತಿಯ ಮೂಲವಾದ ಓವಾದ ದೊಡ್ಡ ಬ್ಯಾಟರಿಯೊಳಗೆ ಬಂಧಿಸಿಟ್ಟಿದ್ದರು, ‘ಕಲಬೆರಕೆ’ ಎಂದು ಕರೆದದ್ದು ಅದನ್ನೇ, ದುಃಖದಿಂದ ದುರ್ಬಲನಾದ ಹಾಲ್‌ನೊಳಗೆ ಹೊಕ್ಕು ಆ ಕೃತ್ಯಗಳನ್ನು ಮಾಡಿಸಿದ್ದೂ ಅದೇ. 1959ರ ಕ್ಷುಲ್ಲಕ ತೊಡಕು 2004ರಲ್ಲಿ ಇಡೀ ಕಥಾಲೋಕದ ಅಡಿಗಲ್ಲಾಯಿತು. ಬಳಿಕ ಕೋಪಕ್ಕೆ ಕೆಂಪು, ದುರಾಸೆಗೆ ಕಿತ್ತಳೆ, ಭರವಸೆಗೆ ನೀಲಿ ಎಂದು ಏಳು ಬಣ್ಣಗಳ ಏಳು ಪಡೆಗಳು ಹುಟ್ಟಿಕೊಂಡವು. (ಭರತನ ನಾಟ್ಯಶಾಸ್ತ್ರವೂ ರೌದ್ರಕ್ಕೆ ಕೆಂಪನ್ನೇ ಹೇಳುತ್ತದೆ, ಭಯಾನಕಕ್ಕೆ ಮಾತ್ರ ಹಳದಿಯಲ್ಲ, ಕಪ್ಪು.)

ಈ ಚರಿತ್ರೆ ಓದುಗನಿಗೆ ಎರಡು ಪಾಠಗಳನ್ನು ಒಟ್ಟಿಗೆ ಕಲಿಸಿದೆ. ತಾನು ಪ್ರೀತಿಸಿದ ಪಾತ್ರವನ್ನು ಒಡೆಯರು ಯಾವತ್ತು ಬೇಕಾದರೂ ಕೆಡಿಸಬಹುದು, ಹಾಗೆ ಕೆಟ್ಟದ್ದನ್ನು ಕೂಡ ಒಬ್ಬ ಒಳ್ಳೆಯ ಲೇಖಕ ಸರಿಪಡಿಸಬಲ್ಲ. ಹೊಸ ಸರಣಿಯ ಎದುರು ಅವನು ಕಾತರದಿಂದಲೂ ಎಚ್ಚರದಿಂದಲೂ ಕೂರುವುದು ಈ ಅನುಭವದಿಂದಲೇ.

ಕೈಸುಟ್ಟುಕೊಂಡ ಹಿಂದಿನ ಪ್ರಯತ್ನಗಳು

2011ರಲ್ಲಿ ಮಾರ್ಟಿನ್ ಕ್ಯಾಂಪ್‌ಬೆಲ್ ನಿರ್ದೇಶನದಲ್ಲಿ, ರಯಾನ್ ರೆನಾಲ್ಡ್ಸ್ ಹಾಲ್ ಜಾರ್ಡನ್ ಆಗಿ ನಟಿಸಿದ ಸಿನಿಮಾ ಬಂತು. ತಯಾರಿಕೆಗೆ ಸುಮಾರು 20 ಕೋಟಿ ಡಾಲರ್ ತಗುಲಿತು, ಲೋಕದಾದ್ಯಂತ ಗಳಿಸಿದ್ದು ಸುಮಾರು 22 ಕೋಟಿ. ಮೇಲ್ನೋಟಕ್ಕೆ ಲಾಭದಂತೆ ಕಂಡರೂ, ಟಿಕೆಟ್ ಹಣದ ಸರಿಸುಮಾರು ಅರ್ಧ ಚಿತ್ರಮಂದಿರಗಳಿಗೆ ಹೋಗುವುದರಿಂದ, ಪ್ರಚಾರದ ಖರ್ಚು ಬೇರೆಯೇ ಇರುವುದರಿಂದ, ಅದು ದೊಡ್ಡ ನಷ್ಟ. ನಾಯಕನಿಗೆ ಬಟ್ಟೆಯ ಉಡುಪು ಹೊಲಿಸದೆ ಇಡೀ ಪೋಷಾಕನ್ನು ಕಂಪ್ಯೂಟರಿನಲ್ಲಿ ಬರೆದು ಮೈಗೆ ಹೊದಿಸಿದ್ದು ಆಗಲೇ ನಗೆಪಾಟಲಾಗಿತ್ತು. ಮುಂದೆ ರೆನಾಲ್ಡ್ಸ್ ತಮ್ಮ ‘ಡೆಡ್‌ಪೂಲ್’ ಚಿತ್ರಗಳಲ್ಲಿ ಆ ಪೋಷಾಕನ್ನು ತಾವೇ ಗೇಲಿ ಮಾಡಿದರು. 2019ರಲ್ಲಿ ಘೋಷಿತವಾದ ಇನ್ನೊಂದು ಸರಣಿಗೆ ನಟರ ಆಯ್ಕೆಯೂ ನಡೆದಿತ್ತು, ಆದರೆ ಅದು ತೆರೆಗೆ ಬರಲೇ ಇಲ್ಲ.

ನೆಬ್ರಾಸ್ಕಾದ ಹೊಲಗಳಲ್ಲಿ ಉಂಗುರಕ್ಕೇನು ಕೆಲಸ?

ಜೇಮ್ಸ್ ಗನ್ ಮತ್ತು ಪೀಟರ್ ಸಫ್ರಾನ್ 2022ರ ನವೆಂಬರಿನಲ್ಲಿ, ಡಿಸಿ ಪಾತ್ರಗಳ ಸಿನಿಮಾ-ಸರಣಿಗಳನ್ನು ತಯಾರಿಸುವ ಡಿಸಿ ಸ್ಟುಡಿಯೋಸ್‌ನ ಹೊಣೆ ವಹಿಸಿಕೊಂಡು, 2023ರ ಜನವರಿಯಲ್ಲಿ ತಮ್ಮ ಯೋಜನೆಗಳ ಪಟ್ಟಿಯನ್ನು ಪ್ರಕಟಿಸಿದರು. ಹಳೆಯ ಸಿನಿಮಾಗಳ ಲೋಕಕ್ಕೆ ತೆರೆ ಎಳೆದು ಹೊಸ ಲೋಕವನ್ನು ಕಟ್ಟುವ ಆ ರೀಬೂಟ್‌ನ ಭಾಗವಾಗಿಯೇ ‘ಲ್ಯಾಂಟರ್ನ್ಸ್’ ಬಂತು. ಇದನ್ನು ಅವರು ಬಣ್ಣಿಸಿದ್ದು ಬಾಹ್ಯಾಕಾಶದ ಸಾಹಸವೆಂದಲ್ಲ, ಎಚ್‌ಬಿಒದ ‘ಟ್ರೂ ಡಿಟೆಕ್ಟಿವ್’ ಮಾದರಿಯ, ಭೂಮಿಯ ಮೇಲೆ ನಡೆಯುವ ಪತ್ತೇದಾರಿ ಕತೆಯೆಂದು. ಕೊಲೆಯೊಂದರ ಜಾಡು ಹಿಡಿದು ಹಾಲ್ ಮತ್ತು ಜಾನ್ ಅಮೆರಿಕದ ಒಳನಾಡಿನ ನೆಬ್ರಾಸ್ಕಾಕ್ಕೆ ಬರುತ್ತಾರೆ. ನೆಬ್ರಾಸ್ಕಾ ಎಂದರೆ ಕಣ್ಣು ಹಾಯುವವರೆಗೂ ಮುಸುಕಿನ ಜೋಳ ಬೆಳೆಯುವ ಬಯಲು ಸೀಮೆ.

ಓದುಗರು ಹುಬ್ಬೇರಿಸಿದ್ದು ಇಲ್ಲಿಯೇ. 3600 ವಲಯಗಳ ವಿಶ್ವವಿದ್ದೂ, ಗ್ರಹವೇ ಪೊಲೀಸನಾಗಿರುವ ಲೋಕವಿದ್ದೂ, ಜೋಳದ ಹೊಲಕ್ಕೆ ಏಕೆ ಬರಬೇಕು? ಹೆಸರಿನಿಂದ ‘ಗ್ರೀನ್’ ಎಂಬ ಪದ ಬಿದ್ದುಹೋದದ್ದನ್ನೂ ಅವರು ಇದರ ಪಕ್ಕದಲ್ಲಿಟ್ಟು ನೋಡುತ್ತಾರೆ. ತಯಾರಕರಿಗೆ ಕಾಮಿಕ್ಸ್‌ನ ಬಗ್ಗೆಯೇ ನಾಚಿಕೆಯಿದ್ದರೆ ಎಂಬುದು ಅವರ ಒಳಗಿನ ಭಯ. ಸೂಪರ್‌ಹೀರೋ ಕತೆಯನ್ನು ‘ಗಂಭೀರ’ಗೊಳಿಸುವ ಹೆಸರಿನಲ್ಲಿ ಬಣ್ಣ, ಮುಖವಾಡ, ಪೋಷಾಕುಗಳನ್ನು ಒಂದೊಂದಾಗಿ ಕಳಚುತ್ತ ಹೋಗುವ ಚಾಳಿಯನ್ನು ಅವರು ಕಳೆದ ಇಪ್ಪತ್ತು ವರ್ಷಗಳಲ್ಲಿ ಸಾಕಷ್ಟು ಕಂಡಿದ್ದಾರೆ. ಇನ್ನೊಂದು ಕಾರಣ ಸರಳವಾದದ್ದು: ಉಂಗುರದಿಂದ ಹೊರಡುವ ಪ್ರತಿಯೊಂದು ಆಕೃತಿಯನ್ನೂ ತೆರೆಯ ಮೇಲೆ ಚಿತ್ರಿಕೆ ಚಿತ್ರಿಕೆಯಾಗಿ ಕಂಪ್ಯೂಟರಿನಲ್ಲಿ ಮೂಡಿಸಬೇಕು, ಅದಕ್ಕೆ ಹಣ ಸುರಿಯಬೇಕು. ಲೇಖಕನಿಗೆ ಮಸಿಯಷ್ಟೇ ಖರ್ಚಾಗುವ ಕಡೆ ನಿರ್ಮಾಪಕನಿಗೆ ಡಾಲರ್ ಖರ್ಚಾಗುತ್ತದೆ.

ಆದರೆ ಭೂಮಿಗೆ ಇಳಿಯುವುದು ಗ್ರೀನ್ ಲ್ಯಾಂಟರ್ನ್‌ಗೆ ಹೊಸದಲ್ಲ. ಈ ಮಾತನ್ನು ಅಸಮಾಧಾನಗೊಂಡ ಓದುಗರಿಗೆ ಹಳಬರು ನೆನಪಿಸುತ್ತಿರುತ್ತಾರೆ, ಮತ್ತು ನನಗೂ ಇದು ತೂಕದ ಮಾತೆನಿಸುತ್ತದೆ. 1970ರಲ್ಲಿ ಪತ್ರಿಕೆಯ ಮಾರಾಟ ಕುಸಿದಿದ್ದಾಗ ಡೆನ್ನಿಸ್ ಓ’ನೀಲ್ ಎಂಬ ಪತ್ರಕರ್ತ-ಲೇಖಕ ಮತ್ತು ನೀಲ್ ಆಡಮ್ಸ್ ಎಂಬ ಚಿತ್ರಕಾರ 76ನೆಯ ಸಂಚಿಕೆಯಿಂದ ಅದನ್ನು ಕೈಗೆತ್ತಿಕೊಂಡರು. ಆ ಸಂಚಿಕೆಯ ಒಂದು ಪುಟದಲ್ಲಿ ಬಡ ಬಾಡಿಗೆದಾರರ ಕಟ್ಟಡದ ಮೇಲೆ ಕಪ್ಪು ವರ್ಣೀಯ ಮುದುಕನೊಬ್ಬ ಹಾಲ್‌ನ ಎದುರು ನಿಂತಿದ್ದಾನೆ. ಯಾವುದೋ ಗ್ರಹಗಳ ನೀಲಿ ಚರ್ಮದವರಿಗೆ, ಕಿತ್ತಳೆ ಚರ್ಮದವರಿಗೆ, ನೇರಳೆ ಚರ್ಮದವರಿಗೆ ನೀನು ನೆರವಾದದ್ದನ್ನು ಓದಿದ್ದೇನೆ, ಕಪ್ಪು ಚರ್ಮದವರಿಗೆ ಏನು ಮಾಡಿದೆ ಎಂದು ಅವನು ಕೇಳುತ್ತಾನೆ. ಕೊನೆಯ ಚೌಕದಲ್ಲಿ ವಿಶ್ವದ ಕಾವಲುಗಾರ ತಲೆ ತಗ್ಗಿಸಿದ್ದಾನೆ, ಉತ್ತರವಾಗಿ ಅವನಿಗೆ ಹೊರಡುವುದು ತೊದಲು ಮಾತಷ್ಟೇ. ಆಮೇಲೆ ಹಾಲ್ ತನ್ನ ಗೆಳೆಯನಾದ ಬಿಲ್ಲುಗಾರ ಸೂಪರ್‌ಹೀರೋ ಗ್ರೀನ್ ಆರೋ ಮತ್ತು ಮನುಷ್ಯರೂಪ ತಳೆದ ಒಬ್ಬ ಗಾರ್ಡಿಯನ್‌ನೊಡನೆ ಹಳೆಯ ಟ್ರಕ್ಕಿನಲ್ಲಿ ಅಮೆರಿಕವನ್ನು ಸುತ್ತುತ್ತಾನೆ. ಬಡತನ, ವರ್ಣಭೇದ, ಗಣಿ ಕಾರ್ಮಿಕರ ಶೋಷಣೆ, ಮಾದಕ ವ್ಯಸನಗಳು ಆ ಕತೆಗಳ ವಸ್ತುವಾದವು. ಮೆಚ್ಚುಗೆ ಧಾರಾಳವಾಗಿ ಬಂದರೂ ಮಾರಾಟ ಉಳಿಯಲಿಲ್ಲ, 1972ರಲ್ಲಿ ಪತ್ರಿಕೆ ನಿಂತಿತು.

ಜಾನ್ ಸ್ಟೂವರ್ಟ್ ಹುಟ್ಟಿದ್ದು ಇದೇ ಲೇಖಕ-ಚಿತ್ರಕಾರರ ಕೈಯಲ್ಲಿ, 87ನೆಯ ಸಂಚಿಕೆಯಲ್ಲಿ. ಗೈ ಗಾರ್ಡ್ನರ್ ಅಪಘಾತದಲ್ಲಿ ಗಾಯಗೊಂಡದ್ದರಿಂದ ಬೇರೊಬ್ಬ ಬದಲಿ ವ್ಯಕ್ತಿ ಬೇಕಾಗುತ್ತಾನೆ. ಪೊಲೀಸನೊಬ್ಬನ ದಬ್ಬಾಳಿಕೆಗೆ ಎದುರು ನಿಂತ ಜಾನ್‌ನನ್ನು ಗಾರ್ಡಿಯನ್‌ಗಳು ಆರಿಸುತ್ತಾರೆ. ಇವನ ಧೋರಣೆ ಸರಿಯಿಲ್ಲವೆಂದು ಹಾಲ್ ಗೊಣಗುತ್ತಾನೆ. ಉಂಗುರ ತೊಟ್ಟ ಜಾನ್ ಮಾಡುವ ಮೊದಲ ಕೆಲಸ ಮುಖವಾಡವನ್ನು ನಿರಾಕರಿಸುವುದು: ತನಗೆ ಮುಚ್ಚಿಡುವಂಥದ್ದೇನೂ ಇಲ್ಲ ಎನ್ನುತ್ತಾನೆ. ಅಂದಮೇಲೆ, ಗೊಣಗುವ ಹಿರಿಯ ಮತ್ತು ತಲೆಬಾಗದ ಹೊಸಬ ಅಮೆರಿಕದ ನೆಲದ ಮೇಲೆ ಜೊತೆಯಾಗಿ ತಿರುಗುವ ಕತೆಯನ್ನು ಸರಣಿ ಹೊರಗಿನಿಂದ ತಂದಿಲ್ಲ. ಅದು ಕಾಮಿಕ್ಸ್‌ನೊಳಗೇ ಐವತ್ತೈದು ವರ್ಷಗಳಿಂದ ಇದ್ದ ಒಂದು ಧಾರೆ. ಇನ್ನೊಂದು ಧಾರೆ ಬಾಹ್ಯಾಕಾಶದ್ದು, 2004ರ ನಂತರ ಓದಲು ಬಂದವರಿಗೆ ಗೊತ್ತಿರುವುದು ಹೆಚ್ಚಾಗಿ ಅದೇ. ಇವತ್ತಿನ ಅಸಮಾಧಾನದ ದೊಡ್ಡ ಭಾಗ ಈ ಎರಡು ಧಾರೆಗಳ ಓದುಗರ ನಡುವಿನ ತಕರಾರು.

ಬರೆದವರು ಯಾರು, ನಟಿಸುವವರು ಯಾರು

ಸರಣಿಯ ಹೊಣೆ ‘ಓಜಾರ್ಕ್’ ಟಿವಿ ಸರಣಿಯ ಖ್ಯಾತಿಯ ಕ್ರಿಸ್ ಮಂಡಿ ಅವರದು. ಜೊತೆಗೆ ಬರೆದವರು ಕಾಮಿಕ್ಸ್ ಲೇಖಕ ಟಾಮ್ ಕಿಂಗ್ ಮತ್ತು ಡೇಮನ್ ಲಿಂಡೆಲೋಫ್. ಲಿಂಡೆಲೋಫ್ ಹೆಸರು ಕೇಳಿದರೆ ಅಭಿಮಾನಿಗೆ ಎರಡು ನೆನಪುಗಳು ಒಟ್ಟಿಗೆ ಬರುತ್ತವೆ. 2019ರಲ್ಲಿ ಅವರು ‘ವಾಚ್‌ಮೆನ್’ ಕಾಮಿಕ್ಸ್ ಆಧರಿಸಿ, ಅದೇ ಎಚ್‌ಬಿಒಗೆ, ವರ್ಣದ್ವೇಷದ ಚರಿತ್ರೆಯನ್ನು ಮುಖವಾಡದ ಕತೆಯೊಳಗೆ ನೇಯ್ದ ಸರಣಿ ಮಾಡಿದರು, ಅದಕ್ಕೆ ಹನ್ನೊಂದು ಎಮ್ಮಿ ಪ್ರಶಸ್ತಿಗಳು ಬಂದವು. ಅದಕ್ಕೂ ಮೊದಲು ‘ಲಾಸ್ಟ್’ ಸರಣಿಯಲ್ಲಿ ಒಗಟುಗಳ ಮೇಲೆ ಒಗಟು ಪೇರಿಸಿ, ಕೊನೆಯಲ್ಲಿ ಅನೇಕ ನೋಡುಗರನ್ನು ಅತೃಪ್ತಿಯಲ್ಲಿ ಬಿಟ್ಟವರಲ್ಲಿ ಅವರೂ ಒಬ್ಬರು.

ಜಾನ್ ಪಾತ್ರಕ್ಕೆ ಆ್ಯರನ್ ಪಿಯರ್ ಆಯ್ಕೆಯಾದಾಗ ಆಕ್ಷೇಪದ ದನಿ ಕಡಿಮೆ ಕೇಳಿತು. ಹಾಲ್ ಪಾತ್ರದ ಕೈಲ್ ಚಾಂಡ್ಲರ್ 1965ರಲ್ಲಿ ಹುಟ್ಟಿದವರು. ಒಳ್ಳೆಯ ನಟರೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ, ಸಂದೇಹವಿರುವುದು ಅರವತ್ತು ದಾಟಿದ ಹಾಲ್‌ನನ್ನು ಇಟ್ಟುಕೊಂಡು ಕತೆ ಎಷ್ಟು ದೂರ ಹೋದೀತು ಎಂಬುದರಲ್ಲಿ. ಮುದಿ ಗುರು ಶಿಷ್ಯನಿಗೆ ದಾರಿ ಬಿಟ್ಟುಕೊಟ್ಟು ಕೊನೆಯ ಕಂತಿನಲ್ಲಿ ಪ್ರಾಣ ಬಿಡುವುದು ಸಿನಿಮಾಗಳಲ್ಲಿ ಸವೆದ ದಾರಿ. 1994ರಲ್ಲಿ ಹಾಲ್‌ನನ್ನು ಒಮ್ಮೆ ಕಳೆದುಕೊಂಡು ಹತ್ತು ವರ್ಷ ಕಾದವರಿಗೆ ಆ ಸಾಧ್ಯತೆ ಬರಿಯ ಊಹೆಯಂತೆ ತೋರುವುದಿಲ್ಲ. ಜಾನ್‌ನ ಅಭಿಮಾನಿಗಳ ಲೆಕ್ಕವೇ ಬೇರೆ: ಐದು ದಶಕ ಬದಲಿ ಆಟಗಾರನಂತೆ ಕಾದವನಿಗೆ ಈಗಲಾದರೂ ಪೂರ್ತಿ ಆಟ ಸಿಗಬೇಕಲ್ಲವೇ ಎಂದು ಅವರು ಕೇಳುತ್ತಾರೆ. ಇಬ್ಬರ ವಾದಕ್ಕೂ ಆಧಾರವಿದೆ, ಮತ್ತು ಎರಡನ್ನೂ ಒಂದೇ ಎಂಟು ಕಂತುಗಳಲ್ಲಿ ಪೂರೈಸುವುದು ಸುಲಭವಲ್ಲ.

ಮೊದಲ ಕಂತಿನಲ್ಲಿ ಹಳೆಯ ಓದುಗರ ಕಣ್ಣು ಕೊಲೆಯ ಸುಳಿವುಗಳ ಮೇಲಿರುವುದು ಅನುಮಾನ. ಲಾಟೀನು ಎಲ್ಲಿ ಬಚ್ಚಿಟ್ಟಿದೆ, ಅದು ಹಸಿರಾಗಿ ಉರಿಯುತ್ತದೆಯೇ, ಅದರ ಮುಂದೆ ಮುಷ್ಟಿ ಚಾಚಿ ಚಾಂಡ್ಲರ್ ಆ ಹಳೆಯ ಪ್ರತಿಜ್ಞೆಯನ್ನು ಪೂರ್ತಿಯಾಗಿ, ನಗೆಯಾಡದೆ ಹೇಳುತ್ತಾರೆಯೇ ಎಂದು ಅವರು ಕಾಯುತ್ತಿರುತ್ತಾರೆ.